ಅರಸನನ್ನು ಎಬ್ಬಿಸದ ಬೆಳಗು

ಹೋದ ತಿಂಗಳು ಯಾದಗಿರಿಯಲ್ಲಿ ಕಾಲೇಜು ಹುಡುಗರು ಒಂದು ದುರಂತ ನಾಟಕ ಆಡಿದರು. ನನ್ನನ್ನು ಅತಿಥಿ ಅಂತ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ನಿವೃತ್ತ ಮಾಸ್ತರರಿಗೆ ಊರಿನಲ್ಲಿ ಉಳಿದಿರುವ ಕೆಲಸ ಅದೊಂದೇ. ಕೊನೆಗೆ ರಾಜ ಕತ್ತಿಯಿಂದ ಇರಿದುಕೊಂಡು ಬಿದ್ದ. ದೀಪ ಆರಿತು. ಮತ್ತೆ ಹತ್ತಿದಾಗ ಸತ್ತವರು, ಕೊಂದವರು, ಅತ್ತವರು ಎಲ್ಲರೂ ಕೈ ಕೈ ಹಿಡಿದು ಸಾಲಾಗಿ ನಿಂತು ನಮಗೆ ಬಾಗಿ ನಮಸ್ಕಾರ ಮಾಡಿದರು. ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆಮೇಲೆ ಹುಡುಗರಿಗೆ ಎರಡು ಮಾತು ಹೇಳಿ ಅಂತ ಒಳಗೆ ಕರೆದೊಯ್ದರು. ಅಲ್ಲಿ ರಾಜನಾಗಿದ್ದ ಹುಡುಗ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದ. ಎಣ್ಣೆ, ಬಣ್ಣ, ಬೆವರು ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಟ್ಟಿಟ್ಟುಕೊಂಡಿದ್ದ ಭಾಷಣ ಬಾಯಿಗೆ ಬರಲಿಲ್ಲ. ಚೆನ್ನಾಗಿ ಮಾಡಿದಿಯಪ್ಪ ಅಂತಷ್ಟೇ ಹೇಳಿ ಹೊರಗೆ ಬಂದೆ.

ಆ ವಾಸನೆ ನನಗೆ ಕಾಲುವೆ ಬಂದ ವರ್ಷದ್ದು. ಆಗ ನಾನು ಸುರಪುರದಿಂದ ಶಹಾಪುರಕ್ಕೆ ಹೋಗುವ ರಸ್ತೆಯಿಂದ ಎರಡು ಮೈಲಿ ಒಳಗಿದ್ದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನನ್ನ ತಪ್ಪಿನ ಅರ್ಧ ಭಾಗವನ್ನು ಆ ಊರಿನ ತಲೆಗೆ ಕಟ್ಟುವ ಆಸೆ ಹುಟ್ಟುತ್ತದೆ, ನನ್ನ ಸ್ವಭಾವ ನನಗೆ ಗೊತ್ತು.

ಆ ವರ್ಷ ಬಿಳಿಜೋಳದ ಬೆಳೆಯ ಮೇಲೆಲ್ಲ ಬಿಳಿ ಧೂಳು. ದಿನಕ್ಕೆರಡು ಸಲ ಬಂಡೆ ಸಿಡಿಸುವ ಸದ್ದು ಬರುತ್ತಿತ್ತು, ಶಾಲೆಯ ಹಂಚು ಅಲುಗುತ್ತಿದ್ದವು, ಹುಡುಗರು ಪಾಠ ಬಿಟ್ಟು ಕಿಟಕಿಗೆ ಹೋಗುತ್ತಿದ್ದರು. ಊರಿನ ಅರ್ಧ ಜನ ಕಾಲುವೆಯ ಕೆಲಸಕ್ಕೆ ನಿಂತಿದ್ದರು. ಹೆಂಗಸರು ಮಣ್ಣು ಹೊತ್ತರು, ಗಂಡಸರು ಕಲ್ಲು ಕೂರಿಸಿದರು. ಯುಗಾದಿಯ ಒಳಗೆ ನೀರು ಬಿಡುತ್ತಾರೆ ಅಂತ ಸುದ್ದಿ ಬಂದಾಗ ಊರವರು ಸೇರಿ, ನೀರು ಬಂದ ಮಾರನೆಯ ದಿನ ರಾತ್ರಿಯಿಡೀ ದೊಡ್ಡಾಟ ಆಡಿಸಬೇಕು ಅಂತ ತೀರ್ಮಾನ ಮಾಡಿದರು. ಇಂಜಿನಿಯರ್ ಸಾಹೇಬರನ್ನೂ ಕರೆಯುವುದು ಅಂತಾಯಿತು.

ಆ ಊರಿನಲ್ಲಿ ತಲೆತಲಾಂತರದಿಂದ ಆಡುತ್ತ ಬಂದದ್ದು ಒಂದೇ ಆಟ. ಅದಕ್ಕೆ ಬೇರೆ ಹೆಸರೇನೋ ಇತ್ತು, ಎಲ್ಲರೂ ಅರಸನ ಆಟ ಅಂತಲೇ ಕರೆಯುತ್ತಿದ್ದರು. ಚಾಡಿ ಮಾತು ಕೇಳಿ ಅರಸ ತನ್ನ ತಮ್ಮನನ್ನು ಕೊಲ್ಲಿಸುತ್ತಾನೆ. ಸತ್ತ ಮೇಲೆ ನಿಜ ತಿಳಿಯುತ್ತದೆ. ತಮ್ಮನ ಹೆಣವನ್ನು ತೊಡೆಯ ಮೇಲೆ ಹಾಕಿಕೊಂಡು ಅರಸ ಅಳುತ್ತಾನೆ, ಹೊತ್ತು ಮೂಡುವ ಸಮಯಕ್ಕೆ ತಾನೂ ಇರಿದುಕೊಂಡು ಸಾಯುತ್ತಾನೆ. ಹಾಡು ಎಷ್ಟು ಎಳೆದರೂ, ಯಾರು ಎಷ್ಟು ತಪ್ಪಿದರೂ, ಅರಸನ ಸಾವು ಮಾತ್ರ ಹೊತ್ತು ಮೂಡುವಾಗಲೇ ಆಗಬೇಕು. ಯಾಕೆಂದರೆ ಅರಸನನ್ನು ಬೆಳಕಿನಲ್ಲಿ ಎಬ್ಬಿಸಬೇಕು.

ಅದು ಅಲ್ಲಿಯ ಪದ್ಧತಿ. ಆಟದಲ್ಲಿ ಯಾರೇ ಸಾಯಲಿ, ಆ ಸಾವಿನ ಹಾಡು ಮುಗಿದ ಕೂಡಲೇ ಮದ್ದಳೆ ನಿಂತುಬಿಡುತ್ತದೆ. ಇಬ್ಬರು ಬಂದು ಅವನ ಮುಂದೆ ಬಿಳಿ ಧೋತರ ಹಿಡಿಯುತ್ತಾರೆ. ಆಟ ಕಲಿಸಿದ ಮಾಸ್ತರ ತಂಬಿಗೆ ಹಿಡಿದು, ಆಟಕ್ಕೆ ಕಟ್ಟಿದ ಅಟ್ಟ ಹತ್ತಿ, ಸತ್ತವನ ಮುಖಕ್ಕೆ ನೀರು ಚಿಮುಕಿಸಿ, ಪಾತ್ರದ ಹೆಸರು ಬಿಟ್ಟು ತಾಯಿ ತಂದೆ ಇಟ್ಟ ಹೆಸರು ಹಿಡಿದು ಮೂರು ಸಲ ಕರೆಯುತ್ತಾನೆ. ಮೂರನೆಯ ಸಲಕ್ಕೆ ಬಿದ್ದವನು ‘ಓ’ ಅನ್ನುತ್ತಾನೆ. ಮಾಸ್ತರ ಅವನ ಬಲಗೈ ಹಿಡಿದು ಎಬ್ಬಿಸಿ, ಧೋತರ ಸರಿಸಿ, ಊರಿಗೆಲ್ಲ ಕಾಣುವಂತೆ ನಿಲ್ಲಿಸುತ್ತಾನೆ. ಆಮೇಲೆಯೇ ಮುಂದಿನ ಹಾಡು. ಎಬ್ಬಿಸುವ ತನಕ ಅವನ ಮನೆಯವರು ಹನಿ ನೀರು ಬಾಯಿಗೆ ಹಾಕುತ್ತಿರಲಿಲ್ಲ. ಎಬ್ಬಿಸದೆ ಬಿಟ್ಟರೆ ಸಾವು ಮೈಗೆ ಅಂಟಿಕೊಂಡು ಮನೆತನಕ ಬರುತ್ತದೆ ಅನ್ನುವ ಭಯ.

ಐವತ್ತು ವರ್ಷ ಹಾಗೆ ಎಬ್ಬಿಸಿದ ಹಳೆಯ ಮಾಸ್ತರ ಹಿಂದಿನ ವರ್ಷ ತೀರಿಕೊಂಡಿದ್ದ. ಕಲಿಸುವವರು ಯಾರು ಅನ್ನುವ ಪ್ರಶ್ನೆ ಬಂದಾಗ ಊರಿನ ಹಿರಿಯರು ನನ್ನ ಕಡೆ ನೋಡಿದರು. ನಾನು ಕಾಲೇಜಿನಲ್ಲಿ ನಾಟಕ ಆಡಿದವನು, ಪರದೇಶದ ದುರಂತ ನಾಟಕಗಳನ್ನು ಓದಿಕೊಂಡವನು, ಓದಿದ್ದು ಎಲ್ಲರಿಗೂ ಗೊತ್ತಾಗುವಂತೆ ಮಾತಾಡುವವನು. ಕೂಡಲೇ ಒಪ್ಪಿಕೊಂಡೆ.

ಅರಸನ ಪಾತ್ರಕ್ಕೆ ನಾನು ಆರಿಸಿದ್ದು ಮರೆಪ್ಪನನ್ನು. ಇಪ್ಪತ್ತೈದರ ವಯಸ್ಸು, ಕಾಲುವೆಯಲ್ಲಿ ಕಲ್ಲು ಕೂರಿಸುವ ಕೆಲಸ, ಊರ ಹೊರಗಿನ ಹೊಲಗೇರಿಯ ಮನೆ. ಅವನು ಹಾಡಿದರೆ ಕಾಲುವೆಯ ಆಚೆ ದಂಡೆಯವರು ಗುದ್ದಲಿ ನಿಲ್ಲಿಸಿ ಕೇಳುತ್ತಿದ್ದರು. ಅಂಥ ದನಿ ಊರಿನಲ್ಲಿ ಇನ್ನೊಂದಿರಲಿಲ್ಲ, ಅದನ್ನು ಹಿರಿಯರೂ ಒಪ್ಪಿದರು. ಹೊಲಗೇರಿಯವನೊಬ್ಬ ಆ ಅಟ್ಟದ ಮೇಲೆ ಕಿರೀಟ ಇಡುವುದು ಅದೇ ಮೊದಲು. ಮಾಡಿಸಿದವನು ನಾನು ಅಂತ ಸುರಪುರದಲ್ಲಿ, ಶಹಾಪುರದಲ್ಲಿ ಸಿಕ್ಕ ಸಿಕ್ಕ ಮಾಸ್ತರರ ಮುಂದೆಲ್ಲ ಹೇಳಿಕೊಂಡು ತಿರುಗಿದೆ. ಅವರು ನನ್ನನ್ನು ಹೊಗಳಿದರು.

ಮರೆಪ್ಪನ ಅಪ್ಪ ಬದುಕಿರುವ ತನಕ ಅದೇ ಆಟಕ್ಕೆ ಪಂಜು ಹಿಡಿದು ಅಟ್ಟದ ಕೆಳಗೆ ನಿಂತವನು. ಅಪ್ಪನ ಕಾಲ ಬಳಿ ಕೂತು ಮರೆಪ್ಪ ಇಡೀ ಆಟವನ್ನು ಬಾಯಿಪಾಠ ಮಾಡಿಕೊಂಡಿದ್ದ. ಹಾಗಾಗಿ ನಾನು ಅವನಿಗೆ ಕಲಿಸಿದ್ದೇನೂ ಇಲ್ಲ. ತಾಲೀಮಿನ ಮೊದಲ ದಿನವೇ ಎಲ್ಲರೂ ಹೋದ ಮೇಲೆ ಹತ್ತಿರ ಬಂದು, ಕಾಲ ಬೆರಳಿನಿಂದ ನೆಲ ಕೆರೆಯುತ್ತ ಒಂದು ಮಾತು ಕೇಳಿದ.

“ಸರ, ಕಡೀಕ ನೀವ ಕೈ ಹಿಡದು ಎಬ್ಬಸ್ತೀರಲ್ರಿ?”

“ನಾನಲ್ದ ಮತ್ಯಾರು?” ಅಂದೆ.

ಅವನು ತಲೆ ತಗ್ಗಿಸಿ ನಕ್ಕ. ಅವ್ವ ನೋಡಬೇಕು ಅನ್ನುತ್ತಾಳೆ, ಅಪ್ಪ ಇದ್ದಿದ್ದರೆ ಅವನೂ ನೋಡುತ್ತಿದ್ದ ಅಂದ. ಅವನಿಗೆ ಕಿರೀಟಕ್ಕಿಂತ, ಹಾಡಿಗಿಂತ ಬೇಕಾಗಿದ್ದದ್ದು ಆ ಗಳಿಗೆ: ಊರೆಲ್ಲ ನೋಡುತ್ತಿರುವಾಗ ಅವನ ಹೆಸರು ಹಿಡಿದು ಕರೆದು, ಕೈ ಕೊಟ್ಟು ಎಬ್ಬಿಸುವುದು. ಅದು ನನಗೆ ಅವತ್ತೇ ಅರ್ಥವಾಗಿತ್ತು. ಅರ್ಥವಾಗಿರಲಿಲ್ಲ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ನಾನು ಬಾಡಿಗೆಗಿದ್ದದ್ದು ಶರಣಪ್ಪ ಸಾಹುಕಾರರ ಮನೆಯ ಪಡಸಾಲೆಯ ಕೋಣೆಯಲ್ಲಿ. ಬ್ರಹ್ಮಚಾರಿ ಮಾಸ್ತರ ಅಂತ ಹಬ್ಬ ಹುಣ್ಣಿಮೆಗೆ ಅವರ ಮನೆಯಲ್ಲೇ ಊಟ. ನನ್ನ ತಾಟು ಅವರ ಅಡುಗೆಮನೆಯ ಗೂಡಿನಲ್ಲಿರುತ್ತಿತ್ತು. ತಾಲೀಮು ಅರ್ಧ ಮುಗಿದಿತ್ತು. ಒಂದು ಸಂಜೆ ಸಾಹುಕಾರರು ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ನನ್ನನ್ನು ಕರೆದು ಪಕ್ಕಕ್ಕೆ ಕೂರಿಸಿಕೊಂಡರು. ಅವರ ತಮ್ಮನ ಮಗ ಬಸವರಾಜನೇ ಆಟದಲ್ಲಿ ಅರಸನ ತಮ್ಮ.

“ಹುಡುಗ ಭಾಳ ಚೊಲೋ ಮಾಡ್ತಾನ್ರಿ ಸರ, ಅದ್ರಾಗ ಎರಡು ಮಾತಿಲ್ಲ,” ಅಂದರು. “ಆದ್ರ ಕಡೀಕ ಕೈ ಹಿಡದು ಎಬ್ಬಸೋರು ಯಾರ್ರಿ?”

ಅವರು ಕೇಳಿದ್ದು ಅಷ್ಟೇ. ಗದರಲಿಲ್ಲ, ಬೇಡ ಅನ್ನಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ನಾನು ಎಬ್ಬಿಸುತ್ತೇನೆ ಅಂತ ಒಂದು ಮಾತು ಅಂದಿದ್ದರೆ ಏನಾಗುತ್ತಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೆಚ್ಚೆಂದರೆ ನನ್ನ ತಾಟು ಗೂಡಿನಿಂದ ಪಡಸಾಲೆಗೆ ಬರುತ್ತಿತ್ತು. ಬರುತ್ತಲೇ ಇರಲಿಲ್ಲವೇನೋ. ಅದನ್ನೂ ನೋಡುವ ಧೈರ್ಯ ನನಗೆ ಆಗಲಿಲ್ಲ.

ಥಟ್ಟನೆ ವಿದ್ವಾಂಸನಾಗಿಬಿಟ್ಟೆ. ಪರದೇಶದ ಹಳೆಯ ದೊಡ್ಡ ದುರಂತ ನಾಟಕಗಳಲ್ಲಿ ಸಾವನ್ನು ಜನರ ಎದುರಿಗೆ ತೋರಿಸುವುದು ಕಡಿಮೆ, ಅದು ಒಳಗೆ ನಡೆಯುತ್ತದೆ, ದೂತನೊಬ್ಬ ಓಡಿಬಂದು ಸುದ್ದಿ ಹೇಳುತ್ತಾನೆ ಅಂದೆ. ತೋರಿಸಿದರೂ ಸತ್ತವನು ಸತ್ತೇ ಇರಬೇಕು, ಜನರ ಕಣ್ಣೆದುರು ಎದ್ದು ನಿಂತರೆ ದುಃಖ ಅಲ್ಲೇ ಇಳಿದುಹೋಗುತ್ತದೆ, ನೋಡಿದವರು ಆ ಸಾವನ್ನು ಹೊತ್ತುಕೊಂಡು ಮನೆಗೆ ಹೋಗಬೇಕು ಅಂದೆ. ಅದಕ್ಕೇ ಈ ಸಲ ಎಬ್ಬಿಸುವುದೇ ಬೇಡ, ಸುರಪುರದಿಂದ ಪರದೆ ತರಿಸಿ ಅರಸ ಬಿದ್ದ ಮೇಲೆ ಎಳೆದುಬಿಡೋಣ ಅಂದೆ. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಎಲ್ಲ ಪುಸ್ತಕದಲ್ಲಿ ಇದ್ದದ್ದೇ. ಸುಳ್ಳು ಹೇಳಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

“ಇದು ಓದಿದವರ ಮಾತು ನೋಡ್ರಿ,” ಅಂದರು ಸಾಹುಕಾರರು. ಅವರ ಮುಖದ ಮೇಲೆ ನೆಮ್ಮದಿ ಕಂಡಿತು. ನನಗೂ ನೆಮ್ಮದಿಯಾಯಿತು.

ಒಂದು ಸಲ ಬಾಗಿಲು ತೆರೆದ ಮೇಲೆ ಆ ವಿದ್ಯೆ ಎಲ್ಲದಕ್ಕೂ ಉಪಯೋಗಕ್ಕೆ ಬಂತು. ಅರಸ ತಮ್ಮನ ಹೆಣವನ್ನು ತೊಡೆಯ ಮೇಲೆ ಹಾಕಿಕೊಳ್ಳುವುದಿತ್ತಲ್ಲ, ಅದನ್ನೂ ತೆಗೆದೆ. ತಮ್ಮನ ಸಾವು ಒಳಗೆ ಆಗಲಿ, ದೂತ ಬಂದು ಹೇಳಲಿ ಅಂದೆ. ಬಸವರಾಜನ ತಲೆ ಮರೆಪ್ಪನ ತೊಡೆಗೆ ತಾಗುವ ತಾಪತ್ರಯ ತಪ್ಪಿತು. ಮರೆಪ್ಪ ಬರಿಯ ಕೈ ಚಾಚಿಕೊಂಡು, ಇಲ್ಲದ ಹೆಣದ ಮುಂದೆ ಅಳುವುದನ್ನು ಕಲಿತ. ಎಂಥ ಕಲ್ಪನೆ ಸರ, ಅಂತ ನಮ್ಮ ಶಾಲೆಯ ಹೆಡ್‌ಮಾಸ್ತರರು ಬೆರಗಾದರು.

ಎಬ್ಬಿಸುವುದಿಲ್ಲ ಅನ್ನುವುದನ್ನು ಮರೆಪ್ಪನಿಗೆ ಹೇಳುವಾಗ ಇನ್ನಷ್ಟು ದೊಡ್ಡ ಮಾತು ಬಳಸಿದೆ. ಪರದೆ ಪೂರ್ತಿ ಮುಚ್ಚಿ, ನಾನು ಬಂದು ಹೇಳುವ ತನಕ ರೆಪ್ಪೆ ಕೂಡ ಅಲುಗಿಸಬಾರದು ಅಂದೆ. ಅವನು ಎಲ್ಲ ಕೇಳಿಸಿಕೊಂಡ. 

“ಎಲ್ಲಾರಿಗೂ ಹಂಗ ಏನ್ರಿ?” ಅಂತ ಕೇಳಿದ.

“ಎಲ್ಲಾರಿಗೂ,” ಅಂದೆ.

“ದೊಡ್ಡ ನಾಟಕದಾಗ ಹಂಗ ಐತಿ ಅಂದ್ರ ಹಂಗ ಮಾಡೂಣ್ರಿ,” ಅಂದ. ಮಾರನೆಯ ದಿನದಿಂದ ಸಾಯುವುದನ್ನು ನನಗಿಂತ ಚೆನ್ನಾಗಿ ಅಭ್ಯಾಸ ಮಾಡತೊಡಗಿದ. ಉಸಿರು ಕಾಣದಂತೆ ಮಲಗಲು ಕಲಿತ.

ನೀರು ಬಂದದ್ದು ಒಂದು ಮಧ್ಯಾಹ್ನ, ಬಿಸಿಲು ಸುಡುತ್ತಿರುವಾಗ. ಮೊದಲು ಕಸಕಡ್ಡಿ, ನೊರೆ, ಒಣ ಮುಳ್ಳುಕಂಟಿ ಉರುಳಿಕೊಂಡು ಬಂದವು, ಹಿಂದೆ ಕೆಂಪು ನೀರು. ಸಾಹುಕಾರರ ಮನೆಯವರು ಅರಿಸಿನ ಕುಂಕುಮ ಬಿಟ್ಟು ಕಾಯಿ ಒಡೆದರು. ಆ ಕಲ್ಲುಗಳನ್ನು ಕೂರಿಸಿದ ಮರೆಪ್ಪ ಮತ್ತು ಅವನ ಕೇರಿಯವರು ಆಚೆ ದಂಡೆಯಲ್ಲಿ ನಿಂತು ನೋಡಿದರು. ಎಲ್ಲರ ಪೂಜೆ ಮುಗಿದ ಮೇಲೆ ಕೆಳಗಡೆ ಹೋಗಿ ಇಳಿದರು. ನಾನು ಈಚೆ ದಂಡೆಯಲ್ಲಿ ಪ್ರಸಾದದ ಕೊಬ್ಬರಿ ತಿನ್ನುತ್ತಿದ್ದೆ.

ಮಾರನೆಯ ದಿನ ರಾತ್ರಿ ಆಟ. ಸುತ್ತಲಿನ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಜನ ಬಂದರು. ಇಂಜಿನಿಯರ್ ಸಾಹೇಬರಿಗೆ ಮುಂದೆ ಕುರ್ಚಿ ಹಾಕಿತ್ತು. ಹೊಲಗೇರಿಯವರು ಎಂದಿನಂತೆ ಬೇವಿನ ಮರದ ಆಚೆ ಕೂತರು. ಅವರ ನಡುವೆ ಮರೆಪ್ಪನ ಅವ್ವ ದುರ್ಗಮ್ಮ. ಈ ಸಲ ಎಬ್ಬಿಸುವುದಿಲ್ಲ ಅಂತ ಮಗ ಹೇಳಿದ್ದನೋ ಇಲ್ಲವೋ, ಹಳೆಯ ಪದ್ಧತಿಯಂತೆ ಅವಳು ಆ ಸಂಜೆಯಿಂದಲೇ ನೀರು ಮುಟ್ಟಿರಲಿಲ್ಲ.

ಕೋಳಿ ಕೂಗುವ ಸಮಯಕ್ಕೆ ದೂತ ಬಂದು ತಮ್ಮನ ಸಾವು ಹೇಳಿದ. ಆಗಲೇ ಸಾಹುಕಾರರ ಮನೆಯಿಂದ ಹೇಳಿ ಕಳಿಸಿದರು: ಒಳಗೆ ಸತ್ತರೂ ಬಸವರಾಜ ಸತ್ತವನೇ, ಅವನನ್ನು ಎಬ್ಬಿಸದೆ ಮನೆಯ ಹೊಸ್ತಿಲು ದಾಟಿಸುವುದಿಲ್ಲ, ಅವನ ತಾಯಿ ಬಾಯಾರಿ ಕೂತಿದ್ದಾಳೆ. ನಾನು ತಂಬಿಗೆ ಹಿಡಿದು ಬಣ್ಣದ ಕೋಣೆಗೆ ಹೋದೆ. ಬಸವರಾಜ ಚಾಪೆಯ ಮೇಲೆ ಮಲಗಿದ. ಮುಖಕ್ಕೆ ನೀರು ಚಿಮುಕಿಸಿ ಮೂರು ಸಲ ಹೆಸರು ಕರೆದೆ, ಅವನು ‘ಓ’ ಅಂದ, ಬಲಗೈ ಹಿಡಿದು ಎಬ್ಬಿಸಿದೆ. ತಿರುಗಿದರೆ ಬಾಗಿಲಲ್ಲಿ ಕಿರೀಟ ಇಟ್ಟುಕೊಂಡು ಮರೆಪ್ಪ ನಿಂತಿದ್ದ. ಕತ್ತಿ ತೆಗೆದುಕೊಳ್ಳಲು ಬಂದಿದ್ದ. ನಾನು ಬಸವರಾಜನ ಕೈ ಬಿಟ್ಟು ತಂಬಿಗೆ ಕೆಳಗಿಟ್ಟೆ. ಅವನು ಕತ್ತಿ ತೆಗೆದುಕೊಂಡು ಅಟ್ಟಕ್ಕೆ ಹೋದ.

ಆ ಬೆಳಗು ಅವನು ಹಾಡಿದಂತೆ ಯಾರೂ ಹಾಡಿದ್ದನ್ನು ನಾನು ಕೇಳಿಲ್ಲ. ಪೂರ್ವದ ಕಡೆ ಗುಡ್ಡದ ಅಂಚು ಕೆಂಪಾಗುತ್ತಿತ್ತು. ಇರಿದುಕೊಂಡ, ಮೊಣಕಾಲೂರಿದ, ಬಿದ್ದ. ಮದ್ದಳೆ ನಿಂತಿತು. ಊರೆಲ್ಲ ಅಭ್ಯಾಸದಂತೆ ಕಾಯುತ್ತ ಕೂತಿತು. ಬಿಳಿ ಧೋತರ ಬರಲಿಲ್ಲ. ಬಾಡಿಗೆ ತಂದ ಪರದೆಯ ಹಗ್ಗ ಗಂಟುಬಿದ್ದು ಅರ್ಧಕ್ಕೇ ಸಿಕ್ಕಿಕೊಂಡಿತು. ಬೆಳಕು ಅವನ ಮುಖದ ಮೇಲೆ ನೇರವಾಗಿ ಬೀಳುತ್ತಿತ್ತು, ಅವನು ಅಲುಗಲಿಲ್ಲ.

ಬೇವಿನ ಮರದ ಆಚೆಯಿಂದ ದುರ್ಗಮ್ಮ ಎದ್ದು ನಿಂತಳು. “ಮರೆಪ್ಪಾ,” ಅಂತ ಕರೆದಳು.

ಜನ ತಿರುಗಿ ನೋಡಿದರು. ಎರಡನೆಯ ಸಲ ಕರೆಯುವಾಗ ಅವಳು ಮರದ ಈಚೆ ಬಂದಿದ್ದಳು. ಮೂರನೆಯ ಸಲ ಅಟ್ಟದ ಹತ್ತಿರ. ಅಷ್ಟು ಹತ್ತಿರ ಅವರ ಕೇರಿಯ ಹೆಂಗಸು ಎಂದೂ ಬಂದಿರಲಿಲ್ಲ, ಯಾರಿಗೂ ತಡೆಯುವುದು ಹೊಳೆಯಲಿಲ್ಲ. ಮರೆಪ್ಪ ‘ಓ’ ಅನ್ನಲಿಲ್ಲ. ಅಷ್ಟರಲ್ಲಿ ಹಗ್ಗದ ಗಂಟು ಬಿಡಿಸಿ ಪರದೆ ಎಳೆದರು. ಹೆಂಗಸರು ಕೆಲವರು ಅಳುತ್ತಿದ್ದರು. ನಾನು ಪುಸ್ತಕದಲ್ಲಿ ಓದಿದ ದುಃಖ ಇದೇ ಅಂತ ನನ್ನ ಮೈ ಜುಮ್ಮೆಂದಿತು. ಹೌದು, ಆ ಗಳಿಗೆಯಲ್ಲಿ ನನಗೆ ಹೆಮ್ಮೆಯಾಗಿತ್ತು.

ಇಂಜಿನಿಯರ್ ಸಾಹೇಬರು ಎದ್ದು ಬಂದು ಕೈ ಕುಲುಕಿದರು. ಸಾಹುಕಾರರು ಶಾಲು ಹೊದಿಸಿ, ಖರೇನೇ ಸತ್ತಂಗ ಕಾಣ್ತು ನೋಡ್ರಿ ಸರ, ಅಂದರು. ಹಾರ ಹಾಕಿದರು, ಚಹಾ ಬಂತು, ನಾನು ನಾಟಕ ಕಲೆಯ ಬಗ್ಗೆ ಮಾತಾಡಿದೆ. ಎಷ್ಟು ಹೊತ್ತು ಅಂತ ಲೆಕ್ಕವಿಲ್ಲ. ಬಿಸಿಲು ಬೆನ್ನಿಗೆ ತಾಗಿದಾಗ ನೆನಪಾಯಿತು: ನಾನು ಬಂದು ಹೇಳುವ ತನಕ ಏಳಬೇಡ ಅಂದಿದ್ದೆ.

ಪರದೆಯ ಹಿಂದೆ ಹೋದೆ. ಮರೆಪ್ಪ ಎದ್ದು ಕೂತಿದ್ದ. ದುರ್ಗಮ್ಮ ಸೆರಗಿಗೆ ಕೊಬ್ಬರಿ ಎಣ್ಣೆ ಹಾಕಿಕೊಂಡು ಅವನ ಮುಖದ ಬಣ್ಣ ಒರೆಸುತ್ತಿದ್ದಳು. ಪಕ್ಕದಲ್ಲಿ ಅವರ ಮನೆಯ ನೀರಿನ ತಂಬಿಗೆ ಖಾಲಿಯಾಗಿತ್ತು. ಅವಳು ನನ್ನನ್ನು ನೋಡಿದಳು, ಮತ್ತೆ ಮಗನ ಮುಖ ಒರೆಸತೊಡಗಿದಳು.

“ನೀವು ಬರ್ತೀರಿ ಅಂತ ಬಿದ್ದಿದ್ದ,” ಅಂದಳು. “ನಾನ ಎಬ್ಬಿಸೀನಿ.”

ಜನ ಬಂದರು, ಮರೆತೆ, ತಪ್ಪು ತಿಳಿಯಬೇಡ ಅಂತ ಏನೇನೋ ಅಂದೆ. ನೀನು ಅಲುಗದೆ ಮಲಗಿದ್ದು ಅದ್ಭುತವಾಗಿತ್ತು ಅಂತಲೂ ಅಂದೆ. ಮರೆಪ್ಪ ಕಿರೀಟ ತೆಗೆದು ನನ್ನ ಮುಂದೆ ನೆಲದ ಮೇಲಿಟ್ಟ.

“ಬಸವರಾಜಪ್ಪನ್ನ ನೀವು ಎಬ್ಬಿಸಿದ್ದು ನೋಡಿದ್ನಿರಿ ಸರ,” ಅಂದ. “ಅದಕ್ಕ ನನ್ನೂ ಎಬ್ಬಸ್ತೀರಿ ಅನಕೊಂಡೆ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಅದಕ್ಕೊಂದು ಉತ್ತರ ಹುಡುಕುತ್ತಿದ್ದೆ. ಅವ್ವ ಕರೆದಾಗ ಅವನು ‘ಓ’ ಅನ್ನದೆ ಇದ್ದದ್ದು ನನ್ನ ಪಾಠ ಪಾಲಿಸಲಿಕ್ಕೆ ಅಂತ ಅಲ್ಲಿಯವರೆಗೆ ತಿಳಿದಿದ್ದೆ. ಊರಿನ ಎದುರು, ಬೆಳಕಿನಲ್ಲಿ, ಅವನು ನನ್ನ ದನಿಗೆ ಕಾಯುತ್ತ ಮಲಗಿದ್ದ.

ಆ ಮಳೆಗಾಲಕ್ಕೆ ಮೊದಲೇ ಯಾದಗಿರಿಗೆ ವರ್ಗ ಮಾಡಿಸಿಕೊಂಡೆ. ಅಲ್ಲಿಗೆ ಹತ್ತಿರದ ನಮ್ಮೂರು ಮುದನಾಳದಲ್ಲಿ ತಾಯಿಗೆ ಹುಷಾರಿಲ್ಲ ಅಂತ ಅರ್ಜಿಯಲ್ಲಿ ಬರೆದಿದ್ದೆ, ಅವಳು ಗಟ್ಟಿಮುಟ್ಟಾಗಿದ್ದಳು. ಆಮೇಲೆ ಎಷ್ಟೋ ಶಿಬಿರಗಳಲ್ಲಿ ರಂಗದ ಮೇಲೆ ಸಾವನ್ನು ತೋರಿಸುವ ಬಗೆ ಅನ್ನುವ ವಿಷಯದ ಮೇಲೆ ಭಾಷಣ ಮಾಡಿದೆ. ಕರೆದರೂ ಏಳದ ಅರಸ, ಕರೆಯುವ ತಾಯಿ, ಅರ್ಧಕ್ಕೆ ನಿಂತ ಪರದೆ, ಎಲ್ಲ ವರ್ಣಿಸುತ್ತಿದ್ದೆ. ಬಣ್ಣದ ಕೋಣೆಯದು ಮಾತ್ರ ಹೇಳುತ್ತಿರಲಿಲ್ಲ. ಕೇಳಿದವರ ಕಣ್ಣು ಒದ್ದೆಯಾಗುತ್ತಿತ್ತು, ನನಗೆ ಇನ್ನೊಂದು ಶಾಲು ಬರುತ್ತಿತ್ತು.

ಕಾಲೇಜು ಹುಡುಗರ ನಾಟಕ ನೋಡಿದ ಮೂರನೆಯ ದಿನ ಬಸ್ಸು ಹತ್ತಿ ಆ ಊರಿಗೆ ಹೋದೆ. ಮೂವತ್ತು ವರ್ಷಕ್ಕೂ ಮೇಲಾಗಿತ್ತು. ಜೋಳದ ಹೊಲಗಳೆಲ್ಲ ಭತ್ತದ ಗದ್ದೆಯಾಗಿದ್ದವು. ಮರೆಪ್ಪನ ಮನೆ ಕೇಳಿಕೊಂಡು ಹೋದೆ. ಅಂಗಳದಲ್ಲಿ ಗೋಣಿತಟ್ಟಿನ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ತಲೆಯೆಲ್ಲ ಬೆಳ್ಳಗಾಗಿತ್ತು. ಗುರುತು ಹಿಡಿದು, “ಬರ್ರಿ ಸರ,” ಅಂದ. ಅವನ ಸೊಸೆ ನೀರು ತಂದಳು, ಕುಡಿದೆ. ಅವ್ವ ತೀರಿಕೊಂಡು ಬಹಳ ವರ್ಷವಾಯಿತು ಅಂದ. ಊರಿನಲ್ಲಿ ಆಟ ಈಗ ಇಲ್ಲ, ಕೇರಿಯ ಹುಡುಗರಿಗೆ ತಾನೇ ಕಲಿಸುತ್ತೇನೆ, ಹೋದ ವರ್ಷ ಆಡಿಸಿದೆ ಅಂದ. ಸತ್ತವರನ್ನು ಎಬ್ಬಿಸುತ್ತೀಯಾ ಅಂತ ಕೇಳಿದೆ. ಎಬ್ಬಿಸದೆ ಹೇಗೆ ಬಿಡೋದು ಸರ, ಅಂದ.

ತಪ್ಪಾಯಿತು ಅನ್ನಲು ಬಂದಿದ್ದೆ, ಅದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು, ಚಹಾ ಕುಡಿದು ಹೋಗುವಿರಂತೆ ಅಂತ ಏಳಲು ಹೊರಟ. ಮೊಣಕಾಲು ಹಿಡಿದುಕೊಂಡಿತು. ನಾನು ಎದ್ದು ಬಗ್ಗಿ ನನ್ನ ಬಲಗೈ ಚಾಚಿದೆ.

ಅವನು ಕೈಯನ್ನು ನೋಡಿದ. ಸ್ವಲ್ಪ ನಕ್ಕ.

“ಬ್ಯಾಡ್ರಿ ಸರ. ಅವ್ವ ಅವತ್ತ ಎಬ್ಬಿಸ್ಯಾಳ.”

ಒಂದು ಕೈ ನೆಲಕ್ಕೂರಿ, ಇನ್ನೊಂದರಿಂದ ಗೋಡೆ ಹಿಡಿದು, ನಿಧಾನವಾಗಿ ತಾನೇ ಎದ್ದು ನಿಂತ. ಬಸ್ಸಿಗೆ ತಡವಾಗುತ್ತದೆ ಅಂದೆ. ಬಸ್ಸಿಗೆ ಇನ್ನೂ ಒಂದು ತಾಸಿತ್ತು, ಅದು ಅವನಿಗೂ ಗೊತ್ತಿತ್ತು.